ಮೊಂಡು ಕೊಕ್ಕು

ಮಾರ್ಚ್ 31, ಸೋಮವಾರ, ಬೆಳಿಗ್ಗೆ 10 ಗಂಟೆ 40 ನಿಮಿಷಕ್ಕೆ ಠಾಣೆಯ ಮೇಜಿನ ಮೇಲೆ ಒಂದು ಶೂ ಪೆಟ್ಟಿಗೆ ಬಂದು ಕೂತಿತು. ತಂದವನು ನಲವತ್ತರ ಆಸುಪಾಸಿನ ಪಶುವೈದ್ಯ, ಊರಾಚೆಯ ಹಕ್ಕಿ ಆರೈಕೆ ಕೇಂದ್ರದ ಮುಖ್ಯಸ್ಥ. ಶರ್ಟಿನ ಒಂದು ಗುಂಡಿ ತಪ್ಪಿ ಹಾಕಿಕೊಂಡಿದ್ದ.

ಹೆಡ್ ಕಾನ್‌ಸ್ಟೇಬಲ್ ಮುಚ್ಚಳ ತೆಗೆದು ಹಾಗೇ ಮುಚ್ಚಿದ. ಠಾಣೆಯಲ್ಲಿ ಅವನನ್ನು ಎಲ್ಲರೂ ಗಡಿಯಾರ ಎಂದೇ ಕರೆಯುತ್ತಿದ್ದರು. ಯಾರಾದರೂ ಕೆಮ್ಮಿದರೂ ಹೊತ್ತು ನೋಡಿ ಬರೆದಿಟ್ಟುಕೊಳ್ಳುವ ಆಸಾಮಿ.

“ಸತ್ತ ಹಕ್ಕಿ ತಂದಿದ್ದೀರಲ್ಲ ಸ್ವಾಮಿ. ಇದು ಪೊಲೀಸ್ ಠಾಣೆ. ಸ್ಮಶಾನ ಎಡಗಡೆ ಮೂರನೇ ರಸ್ತೆ.”

“ಸತ್ತಿದ್ದಕ್ಕೆ ಬಂದಿಲ್ಲ. ಕದ್ದಿದ್ದಕ್ಕೆ ಬಂದಿದ್ದೀನಿ,” ಎಂದ ವೈದ್ಯ.

ಒಳಗಿನ ಕೋಣೆಯಿಂದ ಇನ್‌ಸ್ಪೆಕ್ಟರ್ ಎದ್ದು ಬಂದಳು. ಪೆಟ್ಟಿಗೆಯನ್ನು ತನ್ನ ಕಡೆ ಎಳೆದುಕೊಂಡು ನೋಡಿದಳು. ಮಂಜುಗಡ್ಡೆಯ ಪೊಟ್ಟಣಗಳ ನಡುವೆ ಒಂದು ಗಿಡುಗ, ಎದೆಯ ಮೂಳೆ ಚಾಕುವಿನ ಅಲಗಿನಂತೆ ಎದ್ದು ನಿಂತಿತ್ತು. ಕಾಲಿನಲ್ಲಿ 417 ಎಂದು ಕೊರೆದ ಲೋಹದ ಉಂಗುರ. ಗಿಡುಗವನ್ನು ಇಷ್ಟು ಹತ್ತಿರದಿಂದ ಆಕೆ ಎಂದೂ ನೋಡಿರಲಿಲ್ಲ. ಆದರೂ ಎಲ್ಲೋ ಏನೋ ಎಡವಟ್ಟಾಗಿದೆ ಎಂದು ಕಣ್ಣಿಗೆ ಹೊಡೆಯಿತು. ಕೊಕ್ಕೆಯಂತೆ ಬಾಗಿ ಚೂಪಾಗಿರಬೇಕಾದ ಜಾಗದಲ್ಲಿ ಅದರ ಕೊಕ್ಕು ಸವೆದ ಸೋಪಿನ ತುಂಡಿನಂತೆ ದುಂಡಗೆ, ನುಣ್ಣಗೆ ಇತ್ತು.

“ಹುಟ್ಟಿದ್ದೇ ಹೀಗಾ?”

“ಇಲ್ಲ. ಯಾರೋ ಹೀಗೆ ಮಾಡಿದ್ದಾರೆ.”

ವೈದ್ಯ ಹೇಳಿದ್ದನ್ನು ಗಡಿಯಾರ ಬರೆದುಕೊಂಡ. ಮೂರು ವರ್ಷದಿಂದ ಸುತ್ತಲಿನ ಕಾಡಿನ ಬೇಟೆ ಹಕ್ಕಿಗಳಲ್ಲಿ ಒಂದು ಕಾಯಿಲೆ. ಕೊಕ್ಕು ಎರಡು ಪಟ್ಟು ವೇಗದಲ್ಲಿ ಬೆಳೆಯುತ್ತದೆ. ಮೇಲಿನದು ಕೆಳಕ್ಕೆ ಇಳಿದು ಬಾಗುತ್ತದೆ, ಕೆಳಗಿನದು ಪಕ್ಕಕ್ಕೆ ಹೋಗುತ್ತದೆ, ಎರಡೂ ಕತ್ತರಿಯಂತೆ ಅಡ್ಡ ನಿಲ್ಲುತ್ತವೆ. ಹಿಡಿದ ಇಲಿಯನ್ನು ಹರಿಯಲಾಗದೆ, ಗರಿ ತೀಡಿಕೊಳ್ಳಲಾಗದೆ ಹಕ್ಕಿ ಸೊರಗುತ್ತದೆ. ನೀರಿನಲ್ಲಿ ಏನಾದರೂ ಇದೆಯೋ, ವೈರಸ್ಸೋ, ಇನ್ನೂ ಯಾರಿಗೂ ಗೊತ್ತಿಲ್ಲ.

“ನಮ್ಮ ಉಗುರು, ಅದರ ಕೊಕ್ಕಿನ ಹೊದಿಕೆ ಎರಡೂ ಒಂದೇ ಪದಾರ್ಥ ಮೇಡಂ. ಸಣ್ಣ ಮೆಷಿನ್‌ನಿಂದ ಉಜ್ಜಿ ಆಕಾರಕ್ಕೆ ತರ್ತೀನಿ. ಮತ್ತೆ ಬೆಳೆಯುತ್ತೆ. ಮೂರು ಸಲ ನೋಡ್ತೀವಿ. ಮೂರನೇ ಸಲವೂ ಬೆಳೀತು ಅಂದ್ರೆ ಅದು ಕಾಡಿಗೆ ಹೋಗೋ ಹಕ್ಕಿ ಅಲ್ಲ. ನಮ್ಮಲ್ಲಿ ಗೂಡುಗಳಿರೋದೇ ಹದಿನಾರು. ಶುಕ್ರವಾರ ಇಂಜೆಕ್ಷನ್ ಕೊಟ್ಟು ಮಲಗಿಸ್ತೀವಿ.”

“ಎಷ್ಟು ಹಕ್ಕಿ ಕಾಣೆಯಾಗಿವೆ?”

“ನಾಲ್ಕು. ಜನವರಿ ಒಂಬತ್ತು, ಜನವರಿ ಮೂವತ್ತು, ಫೆಬ್ರವರಿ ಇಪ್ಪತ್ತು, ಮಾರ್ಚ್ ಹದಿಮೂರು. ಇದು ಮೂರನೇದು. ನಿನ್ನೆ ಒಬ್ರು ಹೆಂಗಸು ಫೋನ್ ಮಾಡಿದ್ರು, ನಮ್ಮ ತಾರಸಿ ಮೇಲೆ ಉಂಗುರ ಹಾಕಿದ ಹಕ್ಕಿ ಸತ್ತು ಬಿದ್ದಿದೆ ಅಂತ.”

“ಮೊದಲನೇದು ಹೋದಾಗ ಯಾಕೆ ಬರ್ಲಿಲ್ಲ?”

ವೈದ್ಯ ತಪ್ಪಿ ಹಾಕಿದ ಗುಂಡಿಯನ್ನು ಆಗ ಕಂಡುಕೊಂಡು ಸರಿಮಾಡತೊಡಗಿದ. “ನಾಲ್ಕೂ ಆಯಾ ವಾರದ ಶುಕ್ರವಾರ ಮಲಗಿಸಬೇಕಾಗಿದ್ದವು. ಚಿಲಕ ಸಡಿಲ ಇತ್ತೇನೋ, ಹಾರಿ ಹೋಯ್ತು ಅಂತ ಬರೆದೆ. ನಿಜ ಹೇಳಬೇಕು ಅಂದ್ರೆ, ಒಂದಾದ್ರೂ ನನ್ನ ಕೈ ತಪ್ಪಿತಲ್ಲ ಅಂತ ಸುಮ್ಮನಿದ್ದೆ.”

“ಈಗ?”

“ಹೊಟ್ಟೆ ಕೊಯ್ದು ನೋಡಿದೆ. ಕರುಳಲ್ಲಿ ಏನೂ ಇಲ್ಲ. ಆದ್ರೆ ರೆಕ್ಕೆಯ ಗರಿ ನೋಡಿದ್ರೆ ಸ್ವಲ್ಪ ದಿನದ ಹಿಂದಿನವರೆಗೂ ಯಾರೋ ಕೈಯಾರೆ ತಿನ್ನಿಸಿ ಚೆನ್ನಾಗಿ ಸಾಕಿದ್ದಾರೆ. ಆಮೇಲೆ ಬಿಟ್ಟಿದ್ದಾರೆ. ಈ ಮೊಂಡು ಕೊಕ್ಕಲ್ಲಿ ಅದು ಏನನ್ನೂ ಹರಿಯೋಕಾಗಲ್ಲ. ಮಾಂಸದ ಮೇಲೇ ಕೂತಿದ್ರೂ ಉಪವಾಸ ಸಾಯುತ್ತೆ. ನಾನು ಕೊಡೋ ಸಾವು ಒಂದು ನಿಮಿಷದ್ದು. ಇದು ಹತ್ತು ಹದಿನೈದು ದಿನದ್ದು.”

ಇನ್‌ಸ್ಪೆಕ್ಟರ್ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ತಾರೀಖುಗಳ ಮೇಲೆ ಬೆರಳಿಟ್ಟಳು. ನಾಲ್ಕೂ ಗುರುವಾರ. ಒಂದರಿಂದೊಂದಕ್ಕೆ ಸರಿಯಾಗಿ ಇಪ್ಪತ್ತೊಂದು ದಿನ. ಸತ್ತದ್ದರ ಉಪವಾಸದ ದಿನಗಳನ್ನು ಹಿಂದಕ್ಕೆ ಎಣಿಸಿದರೆ ಅದನ್ನು ಬಿಟ್ಟದ್ದು ನಾಲ್ಕನೆಯದು ಹೋದ ಹೊತ್ತಿಗೇ. ಅಂದರೆ ಒಂದನ್ನು ಬಿಟ್ಟ ದಿನವೇ ಇನ್ನೊಂದನ್ನು ಒಯ್ಯುತ್ತಿದ್ದಾನೆ. ನಾಲ್ಕನೆಯ ಹಕ್ಕಿಯ ಇಪ್ಪತ್ತೊಂದನೆಯ ದಿನ ಬರುವುದು ಏಪ್ರಿಲ್ 3ಕ್ಕೆ.

“ಇವತ್ತು ಸೋಮವಾರ,” ಎಂದಳು. “ಗುರುವಾರ ಅದನ್ನ ಬಿಡ್ತಾನೆ. ಅಷ್ಟರೊಳಗೆ ಸಿಕ್ಕರೆ ಉಂಟು.”

ವನ್ಯಜೀವಿ ಕಾಯ್ದೆಯಡಿ ಮತ್ತು ಕಳವಿನ ಕಲಮಿನಡಿ ಎಫ್ಐಆರ್ ದಾಖಲಾದಾಗ 11 ಗಂಟೆ 25 ನಿಮಿಷ. ಸತ್ತ ಹಕ್ಕಿಯ ವಿಷಯ ಕೇಂದ್ರದಲ್ಲಿ ಯಾರಿಗೂ ಹೇಳಕೂಡದೆಂದು ಆಕೆ ವೈದ್ಯನಿಂದ ಮಾತು ತೆಗೆದುಕೊಂಡಳು.

*

ಕೇಂದ್ರ ಹಳೆಯ ಕೋಳಿ ಸಾಕಣೆಯ ಶೆಡ್ಡು. ಎರಡು ಸಾಲು ಗೂಡುಗಳು, ಪ್ರತಿ ಗೂಡಿನ ಮುಂದೆ ತಂತಿಗೆ ಸಿಕ್ಕಿಸಿದ ಕಾರ್ಡು: ಉಂಗುರದ ನಂಬರು, ತೂಕ, ಕೊಕ್ಕು ಉಜ್ಜಿದ ತಾರೀಖು. ಒಂದು ಗೂಡಿನ ಕಾರ್ಡು ಮಾತ್ರ ಹಿಂದುಮುಂದಾಗಿತ್ತು. ಖಾಲಿ ಬೆನ್ನು ಹೊರಗೆ.

“ಗಾಳಿಗೆ ತಿರುಗಿದೆಯಾ?” ಎಂದು ಗಡಿಯಾರ ಕೈ ಹಾಕಹೋದ.

“ಗಾಳಿ ತಿರುಗಿಸಿದ್ರೆ ಒಳ್ಳೇದಿತ್ತು,” ಎಂದ ವೈದ್ಯ. “ಶುಕ್ರವಾರಕ್ಕೆ ಅಂತ ಇಟ್ಟವುಗಳ ಕಾರ್ಡು ಹಾಗೆ ತಿರುಗಿಸ್ತೀವಿ. ಬಾಯಲ್ಲಿ ಹೇಳೋಕೆ ಯಾರಿಗೂ ಇಷ್ಟ ಇಲ್ಲ.”

ಹೊರಗಿನವರಿಗೆ ಆ ಗುರುತು ಗೊತ್ತಿರಲು ಸಾಧ್ಯವಿಲ್ಲ. ಕಳವಾದ ನಾಲ್ಕೂ ಹಕ್ಕಿ ಕಾರ್ಡು ತಿರುಗಿಸಿದ ಗೂಡಿನವು. ಕಳ್ಳ ಒಳಗಿನವನು. ಇನ್‌ಸ್ಪೆಕ್ಟರ್ ಹೆಬ್ಬೆರಳಿನ ಉಗುರು ಕಚ್ಚತೊಡಗಿದಳು. ಮೇಡಂ ಉಗುರಿಗೆ ಬಾಯಿ ಹಾಕಿದರೆ ಕೇಸು ದಾರಿಗೆ ಬಂತು ಎಂಬುದು ಗಡಿಯಾರನ ಲೆಕ್ಕ. ಅವನು ಅದರ ಹೊತ್ತನ್ನೂ ಬರೆದುಕೊಂಡನೆಂದು ಆಮೇಲೆ ಠಾಣೆಯಲ್ಲಿ ನಗೆಯಾಯಿತು.

ಒಳಗಿನವರೆಂದರೆ ನಾಲ್ವರೇ. ವೈದ್ಯ, ಲೆಕ್ಕಪತ್ರದ ಹುಡುಗಿ, ಗೇಟಿನ ಕಾವಲುಗಾರ, ಮತ್ತು ಚಿಕ್ಕಪ್ಪ. ಐವತ್ತೈದು ದಾಟಿದ ಆ ಮನುಷ್ಯನನ್ನು ಕೇಂದ್ರದಲ್ಲಿ ಎಲ್ಲರೂ, ವೈದ್ಯನೂ ಸೇರಿ, ಚಿಕ್ಕಪ್ಪ ಎನ್ನುತ್ತಿದ್ದರು. ಹಕ್ಕಿ ಹಿಡಿಯುವುದು ಅವನ ಕೆಲಸ. ಚರ್ಮದ ಕೈಗವಸನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದ. ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೆ ಎಂಬಂತೆ ದನಿ ತಗ್ಗಿಸಿ ಮಾತಾಡುತ್ತಿದ್ದ.

ಅವರು ಹೋದಾಗ ಒಂದು ಹಕ್ಕಿಯ ಕೊಕ್ಕು ಉಜ್ಜುವ ಕೆಲಸ ನಡೆಯುವುದಿತ್ತು. ಇನ್‌ಸ್ಪೆಕ್ಟರ್ ನಿಂತು ನೋಡಿದಳು. ಚಿಕ್ಕಪ್ಪ ಹಕ್ಕಿಯನ್ನು ಟವೆಲಿನಲ್ಲಿ ಸುತ್ತಿ, ಹಿಂದಿನಿಂದ ಅದರ ತಲೆಯನ್ನು ಎರಡು ಬೆರಳ ನಡುವೆ ಹಿಡಿದು, ತನ್ನ ಮುಖವನ್ನು ಪೂರ್ತಿ ಆಚೆ ತಿರುಗಿಸಿಕೊಂಡ. ಕನ್ನಡಕ, ಮುಖಗವಸು ಹಾಕಿಕೊಂಡ ವೈದ್ಯ ಎದುರಿನಿಂದ ಮೆಷಿನ್ ಹಿಡಿದ. ಬಿಳಿ ಪುಡಿ ಹಾರಿತು. ಸುಟ್ಟ ಕೂದಲಿನ ವಾಸನೆ ಬಂತು. ಒಂದೂವರೆ ನಿಮಿಷ. ಹಕ್ಕಿ ಅಲುಗಲಿಲ್ಲ.

“ಎಷ್ಟು ವರ್ಷದ ಸರ್ವೀಸು?”

“ಹನ್ನೊಂದು ಮೇಡಂ.”

“ಕೊಕ್ಕು ಉಜ್ಜೋಕೆ ನಿಮಗೂ ಬರುತ್ತಾ?”

“ನಾನು ಹಿಡಿಯೋನು. ಪುಡಿ ಕಣ್ಣಿಗೆ ಬೀಳುತ್ತೆ ಅಂತ ಮುಖ ತಿರುಗಿಸಿರ್ತೀನಿ. ಹಿಡಿಯೋನಿಗೆ ಕಾಣೋದು ಹಕ್ಕಿ ಬೆನ್ನೇ.”

“ಯಾರ ಮೇಲಾದ್ರೂ ಅನುಮಾನ?”

“ಇಲ್ಲ.”

“ಹೋದ ಹಕ್ಕಿಗಳು ಏನಾಗಿರಬಹುದು?”

ಚಿಕ್ಕಪ್ಪ ಟವೆಲನ್ನು ನಾಲ್ಕು ಮಡಿಕೆ ಮಾಡಿದ, ಬಿಚ್ಚಿ ಮತ್ತೆ ಮಡಿಸಿದ. “ಎಲ್ಲೋ ಹಾರಾಡ್ಕೊಂಡಿರ್ತವೆ ಬಿಡಿ,” ಎಂದ.

ಕೊಕ್ಕು ಉಜ್ಜಲು ಬಾರದವನು ಎಂದು ಇನ್‌ಸ್ಪೆಕ್ಟರ್ ಅವನ ಹೆಸರಿನ ಮುಂದೆ ಸಣ್ಣ ಗೀಟು ಎಳೆದು ಮುಂದಕ್ಕೆ ಹೋದಳು. ಆ ಗೀಟಿಗಾಗಿ ಆಕೆ ಆಮೇಲೆ ತನ್ನನ್ನೇ ಬೈದುಕೊಂಡಳು. ಹೊರಡುವಾಗ ಹಾಜರಿ ಪುಸ್ತಕ ಮತ್ತು ಶುಕ್ರವಾರದ ರಿಜಿಸ್ಟರ್ ಎರಡನ್ನೂ ರಸೀದಿ ಕೊಟ್ಟು ಠಾಣೆಗೆ ತಂದಳು.

*

ಏಪ್ರಿಲ್ 1, ಮಂಗಳವಾರ, ಬೆಳಿಗ್ಗೆ 9 ಗಂಟೆ 15 ನಿಮಿಷ. ಹಕ್ಕಿ ಸತ್ತ ತಾರಸಿಯಲ್ಲಿ ಸ್ಥಳ ಪಂಚನಾಮೆ. ಮನೆಯಾಕೆ ಹೊಲಿಗೆ ಕೆಲಸದವಳು. ಕುತ್ತಿಗೆಗೆ ಅಳತೆಪಟ್ಟಿ ನೇತುಹಾಕಿಕೊಂಡೇ ಮೆಟ್ಟಿಲು ಹತ್ತಿ ಬಂದಳು.

“ಎಷ್ಟು ದಿನದಿಂದ ಕೂತಿತ್ತು?”

“ಒಂದು ವಾರ ಆಯ್ತು ಅನ್ನಿ. ನೀರಿನ ಟ್ಯಾಂಕಿನ ಮೇಲೆ. ನಾನು ಬಟ್ಟೆ ಒಣಹಾಕೋಕೆ ಬಂದ್ರೂ ಹೆದರ್ತಿರಲಿಲ್ಲ. ಆ ಕಡೆನೇ ನೋಡ್ಕೊಂಡು ಕೂತಿರೋದು.”

ಆ ಕಡೆ ಎಂದರೆ ರಸ್ತೆಯಾಚೆಯ ನಾಲ್ಕು ಮಹಡಿಯ ಹಳದಿ ಕಟ್ಟಡ. ಗಡಿಯಾರ ಎಣಿಸಿದ. ಇಪ್ಪತ್ತೆಂಟು ಕಿಟಕಿ.

“ಏನಾದ್ರೂ ತಿನ್ನೋಕೆ ಇಟ್ರಾ?”

“ಕರುಳು ಕೇಳುತ್ತಾ? ಒಂದು ಮೀನು ಇಟ್ಟೆ. ಕಾಲಲ್ಲಿ ಒತ್ತಿ ಹಿಡ್ಕೊಳ್ತು, ಬಾಯಿ ಹಾಕ್ತು, ಜಾರಿತು. ಮತ್ತೆ ಬಾಯಿ ಹಾಕ್ತು, ಮತ್ತೆ ಜಾರಿತು. ನಮ್ಮ ಅತ್ತೆ ಹಲ್ಲಿನ ಸೆಟ್ಟು ಕಳ್ಕೊಂಡಾಗ ಹೀಗೇ ಮಾಡೋರು. ನಗು ಬಂತು ನನಗೆ. ಆಮೇಲೆ…” ಆಕೆ ಅಳತೆಪಟ್ಟಿಯ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಸಾಯಂಕಾಲ ಬಂದು ನೋಡಿದ್ರೆ ಮೀನು ಹಾಗೇ ಇತ್ತು. ಸಣ್ಣಗೆ ಹೆಚ್ಚಿ ಕೊಡಬೇಕಿತ್ತು ಅಂತ ನಂಗೆ ಹೊಳೀಲೇ ಇಲ್ಲ ನೋಡಿ. ಗಿಡುಗಕ್ಕೆ ಯಾರು ಹೆಚ್ಚಿ ಕೊಡ್ತಾರೆ?”

ಯಾರೋ ಕೊಡುತ್ತಿದ್ದರು. ಕೈತುತ್ತಿನ ರುಚಿ ಹತ್ತಿದ ಹಕ್ಕಿ ಹಸಿವಾದಾಗ ತುತ್ತು ಕೊಟ್ಟ ಕಿಟಕಿಗೇ ಮರಳಿ ಬಂದಿದೆ. ಕಿಟಕಿ ತೆರೆಯಲಿಲ್ಲ. ಕೆಲಸದ ಹೊತ್ತಿನಲ್ಲಿ ಮನೆಯಲ್ಲಿರದವನೋ, ಕಿಟಕಿಗೆ ಪರದೆ ಬಿಟ್ಟವನೋ. ಕೇಂದ್ರದ ವಿಳಾಸಗಳ ಪಟ್ಟಿಯಲ್ಲಿ ಆ ಕಟ್ಟಡದವರು ಯಾರೂ ಇರಲಿಲ್ಲ. ಮನೆಮನೆ ಬಾಗಿಲು ಬಡಿದರೆ ಸುದ್ದಿ ಹಬ್ಬಿ ಹಕ್ಕಿಯನ್ನು ಅಂದೇ ಬಿಟ್ಟುಬಿಡುವ ಭಯ. ಮಧ್ಯಾಹ್ನ ಅರಣ್ಯ ಇಲಾಖೆಯಿಂದ ಫೋನ್ ಬಂತು: 388ನೇ ಉಂಗುರದ ಹಕ್ಕಿ, ಎಂದರೆ ಎರಡನೆಯದು, ಮಾರ್ಚ್ ಮೊದಲ ವಾರವೇ ಹೆದ್ದಾರಿಯ ಪಕ್ಕ ಸತ್ತು ಸಿಕ್ಕಿತ್ತು. ಬರೀ ಮೂಳೆ. ಕೊಕ್ಕು ಮೊಂಡು.

*

ಏಪ್ರಿಲ್ 2, ಬುಧವಾರ. ಹಾಗೆ ಕೊಕ್ಕು ತೀಡುವ ಕೈ ಯಾವುದು ಎಂದು ಯೋಚಿಸಿದ ಇನ್‌ಸ್ಪೆಕ್ಟರ್, ಸತ್ತ ಹಕ್ಕಿಯ ಕೊಕ್ಕಿನ ಫೋಟೋಗಳನ್ನು ಗಡಿಯಾರನ ಕೈಗೆ ಕೊಟ್ಟು ಮುಖ್ಯರಸ್ತೆಯ ಬ್ಯೂಟಿ ಪಾರ್ಲರಿಗೆ ಕರೆದುಕೊಂಡು ಹೋದಳು. ಗಾಜಿನ ಬಾಗಿಲು ತಳ್ಳುವಾಗ ಅವನ ಕಿವಿ ಕೆಂಪಾಗಿತ್ತು.

“ಬನ್ನಿ ಅಣ್ಣಾ, ಮೀಸೆಗೆ ಬಣ್ಣಾನಾ?” ಎಂದಳು ಪಾರ್ಲರಿನಾಕೆ.

“ಮೀಸೆ ಇದ್ದ ಹಾಗೇ ಇರಲಿ. ಇದು ನೋಡಿ. ಯಾರದ್ದಾದ್ರೂ ಕೈಗುಣ ಗುರುತು ಸಿಗುತ್ತಾ?”

ಆಕೆ ಫೋಟೋವನ್ನು ದೀಪದಡಿಗೆ ಹಿಡಿದು ಬಹಳ ಹೊತ್ತು ನೋಡಿದಳು. ನಗು ನಿಂತಿತು.

“ಅರದಿಂದ ಉಜ್ಜಿದ್ದಾರೆ. ಒಂದೇ ದಿಕ್ಕಿಗೆ, ಅವಸರ ಇಲ್ಲದೆ. ಎಣ್ಣೆ ಹಚ್ಚಿ ಬಟ್ಟೆಯಲ್ಲಿ ತಿಕ್ಕಿದ್ದಾರೆ. ಆದ್ರೆ ಇದು ಪಾರ್ಲರಿನೋರ ಕೆಲಸ ಅಲ್ಲ. ನಾವು ಆಕಾರ ಕೊಡ್ತೀವಿ, ಚೆಂದ ಕಾಣಲಿ ಅಂತ. ಇದು ಚೆಂದಕ್ಕೆ ಮಾಡಿದ್ದಲ್ಲ ಮೇಡಂ. ಗೀರಬಾರದು ಅಂತ ಮಾಡಿದ್ದು. ಎಳೇ ಮಗು ತನ್ನ ಮುಖ ತಾನೇ ಪರಚ್ಕೊಳ್ಳುತ್ತಲ್ಲ, ಅದಕ್ಕೆ ಮಾಡೋ ಹಾಗೆ. ಇಲ್ಲಾಂದ್ರೆ ಹಾಸಿಗೆ ಹಿಡಿದೋರಿಗೆ.”

ಹೊರಗೆ ಬಂದು ಜೀಪಿನಲ್ಲಿ ಕೂತವಳು ಕೀಲಿ ತಿರುಗಿಸಲಿಲ್ಲ. ಶುಕ್ರವಾರದ ರಿಜಿಸ್ಟರನ್ನು ತೊಡೆಯ ಮೇಲೆ ಬಿಚ್ಚಿದಳು. ಪ್ರತಿ ಸಾಲಿಗೂ ಎರಡು ಸಹಿ: ಇಂಜೆಕ್ಷನ್ ಕೊಟ್ಟವರದು, ಹಿಡಿದುಕೊಂಡವರದು. ಹಿಡಿದುಕೊಂಡವನು ಯಾವಾಗಲೂ ಚಿಕ್ಕಪ್ಪನೇ. ಹೋದ ವರ್ಷದ ಆಗಸ್ಟಿನವರೆಗೆ ಪೂರ್ತಿ ಹೆಸರು, ದುಂಡನೆಯ ಅಕ್ಷರ. ಸೆಪ್ಟೆಂಬರಿನಲ್ಲಿ ಹತ್ತು ದಿನ ಅವನಿಲ್ಲ. ಅಲ್ಲಿಂದಾಚೆ ಹೆಸರಿನ ಜಾಗದಲ್ಲಿ ಬರೀ ಒಂದು ಗೆರೆ. ಪೆನ್ನು ಒತ್ತಿದ ರಭಸಕ್ಕೆ ಹಾಳೆ ಹಿಂದಕ್ಕೆ ಉಬ್ಬಿತ್ತು, ಎರಡು ಕಡೆ ಹರಿದಿತ್ತು.

ಆಕೆ ವೈದ್ಯನಿಗೆ ಫೋನ್ ಮಾಡಿದಳು.

“ಸೆಪ್ಟೆಂಬರಿನಲ್ಲಿ ಚಿಕ್ಕಪ್ಪ ಯಾಕೆ ರಜೆ ಹಾಕಿದ್ರು?”

“ಮಗಳು ತೀರ್ಕೊಂಡ್ಲು.”

“ಏನಾಗಿತ್ತು?”

“ಗಾಡಿಯಿಂದ ಬಿದ್ದು ತಲೆಗೆ ಏಟಾಗಿತ್ತು. ಮೂರು ವರ್ಷ ಮಲಗಿದ್ದಲ್ಲೇ. ಎಚ್ಚರ ಇರ್ಲಿಲ್ಲ. ಕೈ ಮಾತ್ರ ತಾನಾಗೇ ಆಡ್ತಿತ್ತಂತೆ, ಮುಖ ಎಲ್ಲಾ ಗೀರ್ಕೋತಿದ್ಲಂತೆ…” “ಅಯ್ಯೋ,” ಎಂದ ವೈದ್ಯ, ಮೆಲ್ಲಗೆ.

ಕೇಂದ್ರದ ಪಟ್ಟಿಯಲ್ಲಿದ್ದ ವಿಳಾಸಕ್ಕೆ ಹೋದರೆ ಬೇರೆ ಸಂಸಾರ ಇತ್ತು. ಚಿಕ್ಕಪ್ಪ ಆ ಮನೆ ಬಿಟ್ಟು ಎರಡು ವರ್ಷವಾಗಿತ್ತು. ದಾರಿ ಹುಡುಕಿದವನು ಗಡಿಯಾರ. ಮಲಗಿದ್ದಲ್ಲೇ ಇದ್ದವಳಿಗೆ ಆಸ್ಪತ್ರೆಯ ಮಂಚ ಬೇಕಾಗಿರುತ್ತದೆ, ಮಂಚ ಬಾಡಿಗೆಗೆ ಕೊಡುವವರು ಊರಲ್ಲಿ ಇಬ್ಬರೇ. ಎರಡನೆಯ ಅಂಗಡಿಯವನು ಪುಸ್ತಕ ತಿರುವಿದ.

“ಇದೆ. ಮಂಚ ಇನ್ನೂ ಅಲ್ಲೇ ಇದೆ.”

“ಮಗಳು ಹೋಗಿ ಆರು ತಿಂಗಳಾಯ್ತಲ್ಲ?”

“ಕೇಳಿದೆ ಸಾರ್. ಬೇಕಾಗಿದೆ ಅಂದ್ರು. ಯಾರಿಗೆ ಅಂತ ನಾನು ಕೇಳ್ಲಿಲ್ಲ.”

ವಿಳಾಸ: ಹಳದಿ ಕಟ್ಟಡ, ಮೂರನೆಯ ಮಹಡಿ. ಹೊತ್ತು ಸಂಜೆ 4 ಗಂಟೆ 50 ನಿಮಿಷ.

*

5 ಗಂಟೆ 20ಕ್ಕೆ ಇಬ್ಬರು ಪಂಚರು ಮತ್ತು ವೈದ್ಯನೊಂದಿಗೆ ಅವರು ಬಾಗಿಲು ತಟ್ಟಿದರು. ತೆಗೆದವಳು ಚಿಕ್ಕಪ್ಪನ ಹೆಂಡತಿ. ಸಮವಸ್ತ್ರ ನೋಡಿ ಬೆಚ್ಚಲಿಲ್ಲ. ತುಟಿಯ ಮೇಲೆ ಬೆರಳಿಟ್ಟಳು.

“ಮೆಲ್ಲಗೆ ಬನ್ನಿ. ಬೂಟಿನ ಸದ್ದಿಗೆ ಹೆದರುತ್ತೆ.”

ಒಳಕೋಣೆಯಲ್ಲಿ ತಲೆದಿಂಬಿನ ಕಡೆ ಎತ್ತರಿಸಿದ ಕಬ್ಬಿಣದ ಮಂಚ. ಹೊಸದಾಗಿ ಒಗೆದು ಹಾಸಿದ ಬಿಳಿ ಹಾಸು. ಕಿಟಕಿಗೆ ದಪ್ಪ ಪರದೆ, ಅದರ ಹಿಂದೆ ಬಲೆ. ಮಂಚದ ಪಕ್ಕದ ಸರಳಿಗೆ ಟವೆಲ್ ಸುತ್ತಿತ್ತು; ಆ ಟವೆಲಿನ ಮೇಲೆ ಉಗುರು ಊರಿ ಗಿಡುಗ ಕೂತಿತ್ತು. ಗರಿಗಳು ಹೊಳೆಯುತ್ತಿದ್ದವು. ಎದುರಿಗೆ ಕುರ್ಚಿಯಲ್ಲಿ ಚಿಕ್ಕಪ್ಪ, ತೊಡೆಯ ಮೇಲೆ ತಟ್ಟೆ. ತಟ್ಟೆಯಲ್ಲಿ ಅವರೆಕಾಳಿನಷ್ಟು ಸಣ್ಣಗೆ ಹೆಚ್ಚಿದ ಮಾಂಸ. ಅವನು ಎದ್ದು ನಿಲ್ಲಲು ಹೊರಟ.

“ಕೂತ್ಕೊಳ್ಳಿ. ಅದರ ಊಟ ಮುಗೀಲಿ,” ಎಂದಳು ಇನ್‌ಸ್ಪೆಕ್ಟರ್. ಪಂಚರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಟ್ಟೆ ಖಾಲಿಯಾಗಲು ಏಳು ನಿಮಿಷ ಹಿಡಿಯಿತು.

“ನಾಳೆ ಬಿಡೋನಿದ್ದೆ,” ಎಂದ ಚಿಕ್ಕಪ್ಪ ತಟ್ಟೆ ಕೆಳಗಿಟ್ಟು.

“ಹೇಗೆ ತಂದ್ರಿ?”

“ಗುರುವಾರ ಗುರುವಾರ ಟವೆಲುಗಳನ್ನ ಒಗೆಯೋಕೆ ಮನೆಗೆ ತರ್ತೀನಲ್ಲ. ಗಂಟಿನ ನಡುವೆ ಇಟ್ಟೆ. ಕತ್ತಲಾದ್ರೆ ಅವು ಸುಮ್ಮನಿರ್ತವೆ.”

“ತಿರುಗಿಸಿದ ಕಾರ್ಡು ಪ್ರತಿ ವಾರ ಇರ್ತಿತ್ತು. ಮೂರು ವಾರಕ್ಕೆ ಒಂದೇ ಯಾಕೆ?”

“ಇರೋದು ಒಂದೇ ಮಂಚ ಮೇಡಂ.”

“ಉಳಿದವು?”

“ಹಿಡ್ಕೊಂಡೆ. ಸಹಿ ಹಾಕಿದೆ.”

ವೈದ್ಯ ಹಕ್ಕಿಯನ್ನು ತೂಗಿದ. 740 ಗ್ರಾಂ, ಕೇಂದ್ರಕ್ಕೆ ಬಂದ ಮೇಲೆ ಅದು ಎಂದೂ ಇಷ್ಟು ತೂಗಿರಲಿಲ್ಲ. ಕೊಕ್ಕಿನ ಮೇಲೆ ಹೆಬ್ಬೆರಳು ಆಡಿಸಿ ನೋಡಿ, ಇನ್‌ಸ್ಪೆಕ್ಟರಿಗೆ ಕಾಣುವಷ್ಟು ಮಾತ್ರ ತಲೆಯಾಡಿಸಿದ. ಮೊಂಡು.

ಜಪ್ತಿಯ ಪಂಚನಾಮೆ ಬರೆಯತೊಡಗಿದ ಗಡಿಯಾರ ಒಂದೊಂದನ್ನೇ ಎತ್ತಿ ಹೇಳಿದ. ಒಂದು: ಜೀವಂತ ಗಿಡುಗ, ಉಂಗುರ 431. ಎರಡು: ಉಗುರು ಕತ್ತರಿ. ಮೂರು: ಸಣ್ಣ ಅರ. ನಾಲ್ಕು: ಎಣ್ಣೆ ಶೀಶೆ, ಮೆತ್ತನೆ ಬಟ್ಟೆ. ದಿಂಬಿನ ಕೆಳಗೆ ಇನ್ನೊಂದು ಸಿಕ್ಕಿತು, ಅಂಗೈಯಲ್ಲಿ ಅಡಗುವಂಥ ತಗಡಿನ ಡಬ್ಬಿ. ಮುಚ್ಚಳ ತೆಗೆದರೆ ಒಳಗೆ ತೆಳು ಹಳದಿಯ, ಬಾಗಿದ ಚೂರುಗಳು, ಹಿಡಿ ತುಂಬುವಷ್ಟೂ ಇಲ್ಲ.

“ಕೊಕ್ಕಿನ ಚೂರು,” ಎಂದ ಗಡಿಯಾರ, ಬರೆಯುತ್ತ.

“ಎಲ್ಲಾ ಅದೇ ಅಲ್ಲ,” ಎಂದಳು ಹೆಂಡತಿ ಬಾಗಿಲಿಂದ. “ಅಡಿಯಲ್ಲಿರೋದು ಅವಳದ್ದು.”

ಯಾವುದು ಯಾವುದೆಂದು ಹೇಳಲಾದೀತೇ ಎಂದು ಇನ್‌ಸ್ಪೆಕ್ಟರ್ ವೈದ್ಯನ ಕಡೆ ನೋಡಿದಳು. ಕಣ್ಣಿಂದ ಆಗುವುದಿಲ್ಲ ಎಂದ ಅವನು. ಲ್ಯಾಬಿಗೆ ಕಳಿಸಬೇಕು. ಆಕೆ ಡಬ್ಬಿಯನ್ನು ತೆಗೆದುಕೊಂಡು ಮುಚ್ಚಳ ಒತ್ತಿ, ಹೆಂಡತಿಯ ಕೈಗಿಟ್ಟಳು.

“ನಾಲ್ಕಕ್ಕೆ ನಿಲ್ಲಿಸಿ,” ಎಂದಳು ಗಡಿಯಾರನಿಗೆ. ಹದಿನಾರು ವರ್ಷದ ನೌಕರಿಯಲ್ಲಿ ಕಣ್ಣಿಗೆ ಬಿದ್ದ ವಸ್ತುವೊಂದನ್ನು ಆಕೆ ಬರೆಸದೆ ಬಿಟ್ಟಿದ್ದು ಅದೇ ಮೊದಲು. ಗಡಿಯಾರ ಬರೆದ ಅರ್ಧ ಸಾಲಿನ ಮೇಲೆ ಗೀಟು ಹಾಕಿ, ಪಕ್ಕದಲ್ಲಿ ತನ್ನ ಸಹಿ ಮಾಡಿದ.

*

ಠಾಣೆಗೆ ಬಂದಾಗ 7 ಗಂಟೆ 5 ನಿಮಿಷ. ಚಿಕ್ಕಪ್ಪ ಬೆಂಚಿನ ಮೇಲೆ ಕೂತ. ಪಕ್ಕದಲ್ಲಿ ಅವನ ಹೆಂಡತಿ. ಹಕ್ಕಿ ರಂಧ್ರಗಳಿದ್ದ ರಟ್ಟಿನ ಪೆಟ್ಟಿಗೆಯಲ್ಲಿ, ವೈದ್ಯನ ಕಾಲ ಬಳಿ. ಯಾರೂ ಕೇಳದೆಯೇ ಚಿಕ್ಕಪ್ಪ ಶುರುಮಾಡಿದ. ಅದೇ ತಗ್ಗಿದ ದನಿ.

“ಮೂರು ವರ್ಷ ಪ್ರತಿ ಭಾನುವಾರ ಅವಳ ಉಗುರು ಕತ್ತರಿಸಿದ್ದೀನಿ. ಡಾಕ್ಟ್ರುಗಳು ಏನೂ ಉಳಿದಿಲ್ಲ ಅಂತಿದ್ರು. ಭಾನುವಾರ ಬಂದ್ರೆ ಉಗುರು ಬೆಳೆದಿರೋದು. ಬೆಳೀತಿದೆ ಅಂದ್ರೆ ಒಳಗೆ ಯಾರೋ ಇದ್ದಾರೆ ಅಂತ ಅಲ್ವಾ? ಕೊನೆಗೆ ಆಸ್ಪತ್ರೆಯಲ್ಲಿ ಉಸಿರಾಟದ ಮೆಷಿನ್ ತೆಗೆಯೋಕೆ ಸಹಿ ಬೇಕು ಅಂದ್ರು. ಬೆಳಿಗ್ಗೆ ಉಗುರು ಕತ್ತರಿಸಿದೆ. ಮಧ್ಯಾಹ್ನ ಸಹಿ ಹಾಕಿದೆ.”

“ಸಹಿ ಇಬ್ಬರದ್ದೂ ಇದೆ,” ಎಂದಳು ಹೆಂಡತಿ ಗೋಡೆಯ ಕಡೆ ನೋಡುತ್ತ. “ಇವರು ಒಬ್ಬರೇ ಹಾಕಿದ ಹಾಗೆ ಆಡ್ತಾರೆ.”

“ಕೇಂದ್ರಕ್ಕೆ ಬಂದ್ರೆ ಅಲ್ಲೂ ಅದೇ. ಬೆಳೀತಿದೆ, ಅದಕ್ಕೇ ಕೊಲ್ಲಿ. ಸಹಿ ಹಾಕಿ.” ಚಿಕ್ಕಪ್ಪ ಅಂಗೈಗಳನ್ನು ಮಂಡಿಯ ಮೇಲೆ ಒತ್ತಿಕೊಂಡ. “ಜನವರೀಲಿ ಒಂದರ ಸರದಿ ಬಂತು. ಅದರ ಕೊಕ್ಕು ಮೂರನೇ ಸಲ ಬೆಳೆದು ಬಾಗಿ ಅದರ ಎದೆಗೇ ಚುಚ್ಚಿತ್ತು. ಅದನ್ನ ಶುಕ್ರವಾರಕ್ಕೆ ಬಿಡೋಕಾಗ್ಲಿಲ್ಲ. ಮೇಡಂ, ಮೂರನ್ನ ಬಿಟ್ಟೆನಲ್ಲ, ನಿಮ್ಮೋರು ಎಷ್ಟೊಂದು ಓಡಾಡಿದ್ದಾರೆ. ಯಾರಿಗಾದ್ರೂ ಕಾಣಿಸಿದ್ವಾ?”

ಗಡಿಯಾರ ಬರೆಯುವುದನ್ನು ನಿಲ್ಲಿಸಿದ. ಇನ್‌ಸ್ಪೆಕ್ಟರಿಗೆ ಈ ಪ್ರಶ್ನೆ ಬರುತ್ತದೆಂದು ಹಳದಿ ಕಟ್ಟಡದ ಮೆಟ್ಟಿಲು ಇಳಿಯುವಾಗಲೇ ಗೊತ್ತಿತ್ತು. ಹಾರುತ್ತಿವೆ ಎಂದುಬಿಡಬಹುದಿತ್ತು. ಆದರೆ ಆರೋಪ ಪಟ್ಟಿಯ ಪ್ರತಿ ಅವನ ಕೈಗೆ ಹೋಗುತ್ತದೆ. ಕೋರ್ಟಿನಲ್ಲಿ ಗುರುತು ಪರಿಚಯವಿಲ್ಲದವನೊಬ್ಬ ಅದನ್ನು ಗಟ್ಟಿಯಾಗಿ ಓದುತ್ತಾನೆ. ಆಕೆ ಕುರ್ಚಿ ಎಳೆದು ಬೆಂಚಿನ ಎದುರು ಕೂತಳು.

“ಎರಡು ಸತ್ತಿವೆ, ಚಿಕ್ಕಪ್ಪ. ಮೊದಲನೇದು ಸಿಕ್ಕಿಲ್ಲ.”

“ಯಾರು ಹೊಡೆದ್ರು?”

“ಯಾರೂ ಹೊಡೀಲಿಲ್ಲ. ತಿನ್ನೋಕಾಗ್ಲಿಲ್ಲ. ಹರಿಯೋಕೆ ಕೊಕ್ಕಿನ ತುದಿ ಚೂಪಿರಬೇಕು.”

ಅವನು ವೈದ್ಯನ ಕಡೆ ನೋಡಿದ. ವೈದ್ಯ ತಲೆ ತಗ್ಗಿಸಿದ. ಹನ್ನೊಂದು ವರ್ಷದಲ್ಲಿ ಸಾವಿರಾರು ಸಲ ಹಿಡಿದವನು, ಒಂದು ಸಲವೂ ಎದುರಿನಿಂದ ನೋಡದವನು, ತನ್ನ ಎರಡೂ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

“ಗೀರ್ಕೋತಾಳೆ ಅಂತ…” ಎಂದ.

ಹೆಂಡತಿ ಅವನ ಭುಜಕ್ಕೆ ಕೈ ಹಾಕಿದಳು. ಹಾಕಿದ ಕೈಯಲ್ಲಿ ತಗಡಿನ ಡಬ್ಬಿ ಇತ್ತು.

ಬಂಧನದ ಹೊತ್ತು 7 ಗಂಟೆ 30 ಎಂದು ದಾಖಲಾಯಿತು. ಜಪ್ತಿಯ ಪಟ್ಟಿಗೆ ಆರೋಪಿಯ ಸಹಿ ಬೇಕಿತ್ತು. ಗಡಿಯಾರ ಹಾಳೆಯನ್ನು ಮುಂದಿಟ್ಟು ಪೆನ್ನು ಕೊಟ್ಟ. ಚಿಕ್ಕಪ್ಪ ಪೆನ್ನು ಮುಟ್ಟಲಿಲ್ಲ.

“ಇದಕ್ಕೆ ಹಾಕಿದ್ರೆ ಏನಾಗುತ್ತೆ?”

ಇನ್‌ಸ್ಪೆಕ್ಟರ್ ಉತ್ತರವನ್ನು ಅವನಿಗೆ ಹೇಳಲಿಲ್ಲ, ವೈದ್ಯನಿಗೆ ಹೇಳಿದಳು. “ಈ ಹಕ್ಕಿ ಇನ್ನು ಮುದ್ದೆಮಾಲು. ಕೋರ್ಟಿನ ಸ್ವತ್ತು. ನಿಮ್ಮ ವಶಕ್ಕೆ ಕೊಡ್ತಿದ್ದೀನಿ, ಸಾಕೋಕೆ ಮಾತ್ರ. ಕೇಸು ಮುಗಿಯೋ ತನಕ ಇದರ ಕಾರ್ಡು ತಿರುಗಿಸೋ ಹಾಗಿಲ್ಲ. ತಿರುಗಿಸಿದ್ರೆ ಸಾಕ್ಷ್ಯ ನಾಶ. ನಿಮ್ಮ ಮೇಲೆ ಕೇಸು ಹಾಕ್ತೀನಿ.”

“ಗೂಡು…” ಎಂದು ಶುರುಮಾಡಿದ ವೈದ್ಯ. ಆಮೇಲೆ, “ಆಯ್ತು,” ಎಂದ.

“ಎಷ್ಟು ದಿನ?” ಎಂದ ಚಿಕ್ಕಪ್ಪ.

“ನಮ್ಮ ಕೋರ್ಟಲ್ಲಾ?” ಗಡಿಯಾರ ಮೊದಲ ಬಾರಿಗೆ ಕೈಗಡಿಯಾರ ನೋಡದೆ ಹೊತ್ತು ಹೇಳಿದ. “ನಾಲ್ಕೈದು ವರ್ಷಕ್ಕೆ ಮೋಸ ಇಲ್ಲ ಚಿಕ್ಕಪ್ಪ. ವಕೀಲರು ಒಳ್ಳೆಯವರು ಸಿಕ್ಕರೆ ಇನ್ನೂ ಎಳೀತಾರೆ.”

“ಅಷ್ಟು ದಿನ ಹಿಡ್ಕೊಳ್ಳೋರು ಯಾರು? ಬೇರೆಯೋರು ಹಿಡಿದ್ರೆ ಒದ್ದಾಡುತ್ತೆ.”

ಚಿಕ್ಕಪ್ಪ ಪೆನ್ನು ತೆಗೆದುಕೊಂಡು, ಹಾಳೆಯ ಮೇಲೆ ಬಗ್ಗಿ, ನಿಧಾನಕ್ಕೆ ಬರೆದ. ಗೆರೆ ಎಳೆಯಲಿಲ್ಲ. ಪೂರ್ತಿ ಹೆಸರು, ದುಂಡನೆಯ ಅಕ್ಷರ. ಪೆಟ್ಟಿಗೆಯನ್ನು ಎತ್ತಿಕೊಂಡು ವೈದ್ಯ ಹೊರಡುವಾಗ, “ತುದಿ ಚೂಪು ಬಿಡಿ ಡಾಕ್ಟ್ರೇ,” ಎಂದ.

ಎಲ್ಲ ಹೋದ ಮೇಲೆ ಇನ್‌ಸ್ಪೆಕ್ಟರ್ ಕೇಸ್ ಡೈರಿ ತೆರೆದಳು. ಕೊನೆಯ ಅಂಕಣದಲ್ಲಿ ಅಪರಾಧದ ಉದ್ದೇಶ ಬರೆಯಬೇಕು. ಸಾಮಾನ್ಯವಾಗಿ ಒಂದೇ ಪದ ಸಾಕಾಗುತ್ತದೆ: ದುಡ್ಡು, ದ್ವೇಷ, ಕುಡಿತ. ಬಾಯಿಗೆ ಹೋದ ಹೆಬ್ಬೆರಳನ್ನು ಆಕೆ ಹಿಂದಕ್ಕೆ ತೆಗೆದು ನೋಡಿದಳು. ಸೋಮವಾರ ಕಚ್ಚಿ ಎಸೆದಿದ್ದ ಉಗುರಿನ ಅಂಚಿನಲ್ಲಿ ಆಗಲೇ ಕೂದಲೆಳೆಯಷ್ಟು ಬಿಳುಪು ಮೂಡಿತ್ತು.

ಬೆಳೆಯುತ್ತಿರುವುದನ್ನು ಸಾಯಿಸಲು ಆರೋಪಿಯ ಕೈಯಲ್ಲಿ ಎರಡನೆಯ ಸಲ ಆಗಲಿಲ್ಲ, ಎಂದು ಬರೆದಳು.

ಗಡಿಯಾರ ಬಗ್ಗಿ ಓದಿದ. “ಮೇಡಂ, ಇದಕ್ಕೆ ಯಾವ ಕಲಮು?”

“ಯಾವುದೂ ಇಲ್ಲ,” ಎಂದಳು. “ಹೊತ್ತು ಹಾಕಿ.”

ಅವನು 8 ಗಂಟೆ 12 ನಿಮಿಷ ಎಂದು ಹಾಕಿದ.